ಮೂರರಿಂದ ನಾಲ್ಕೂವರೆ

೪ ಆಗಸ್ಟ್ ೨೦೦೩, ಸೋಮವಾರ. ರಾಹುಕಾಲ ೭-೩೦ರಿಂದ ೯.

ಶ್ರಾವಣದ ಮೊದಲ ಸೋಮವಾರ, ಒಪ್ಪತ್ತು. ಐದಕ್ಕೆ ಎದ್ದು ನಲ್ಲಿಯಲ್ಲಿ ನಾಲ್ಕು ಕೊಡ ನೀರು ಹಿಡಿದೆ. ಬಾಗಿಲು ತೊಳೆದು ರಂಗೋಲಿ ಎಳೆದೆ, ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡೆ. ಯಜಮಾನರ ಫೋಟೋ ಒರೆಸಿದೆ. ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ಇನ್ನು ದೀಪ ಹಚ್ಚಿದ ಮೇಲೆಯೇ ಊಟ.

ಏಳೂವರೆಯೊಳಗೆ ಹೊಸಿಲು ದಾಟಿದೆ. ಆಮೇಲೆ ರಾಹುಕಾಲ ಹಿಡಿಯುತ್ತದೆ. ಸೋಮವಾರಗಳಲ್ಲಿ ನಾನು ಎಲ್ಲರಿಗಿಂತ ಮೊದಲೇ ಹೋಗಿ ಆಫೀಸಿನ ಮೆಟ್ಟಿಲ ಮೇಲೆ ಕೂತಿರುತ್ತೇನೆ. ವಾಚ್‌ಮನ್ ನೋಡಿ ನಗುತ್ತಾನೆ. ನಗಲಿ.

ಇವತ್ತು ದಿಲ್ಲಿಯಿಂದ ಸುತ್ತೋಲೆ ಬಂತು. ನಮ್ಮದು ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿ, ಹಲಸೂರು ಕೆರೆಯ ಆಚೆ ಹಳೆಯ ಬಂಗಲೆಯಲ್ಲಿದೆ. ಡೈರೆಕ್ಟರ್ ಸಾಹೇಬರು, ಸೂಪರಿಂಟೆಂಡೆಂಟ್ ಮುನಿಆಂಜನಪ್ಪನವರು, ಟೈಪಿಸ್ಟ್ ರೇವತಿ, ಅಟೆಂಡರ್ ನಾನು, ಇಷ್ಟೇ ಜನ. ದಿಲ್ಲಿಯ ಮಂಡಳಿಯವರು ಸಂಶೋಧನೆಗೆ ಅನುದಾನ ಕೊಡುವವರು. ಮೊದಲೇ ದೊಡ್ಡ ಅರ್ಜಿ ಬೇಡ, ಎರಡು ಹಾಳೆಯ ಚಿಕ್ಕ ಅರ್ಜಿ ಸಾಕು ಎನ್ನುತ್ತಾರೆ. ಅದು ಒಪ್ಪಿಗೆಯಾದರೆ ಆಮೇಲೆ ದೊಡ್ಡದನ್ನು ಕೇಳುತ್ತಾರೆ. ಆದರೆ ಇಡೀ ವಿಶ್ವವಿದ್ಯಾಲಯದಿಂದ ಎರಡೇ ಚಿಕ್ಕ ಅರ್ಜಿ ಹೋಗಬೇಕಂತೆ. ಅದಕ್ಕೇ ಎಲ್ಲ ವಿಭಾಗದವರೂ ಮೊದಲು ನಮ್ಮಲ್ಲಿ ಕೊಡಬೇಕು. ಹನ್ನೆರಡನೇ ತಾರೀಕು ಸಂಜೆ ಐದರೊಳಗೆ ಮೊಹರು ಬೀಳಬೇಕು. ಆಮೇಲೆ ನಾನು ಹೆಸರುಗಳ ಮೇಲೆ ಬಿಳಿ ಪಟ್ಟಿ ಅಂಟಿಸಿ ಜೆರಾಕ್ಸ್ ಮಾಡಿಸುತ್ತೇನೆ, ನಂಬರು ಮಾತ್ರ ಉಳಿಯುತ್ತದೆ. ಮೂವರು ಪ್ರೊಫೆಸರರು ಕೂತು ಎರಡನ್ನು ಆರಿಸುತ್ತಾರೆ. ಉಳಿದವು ಬೀರುವಿಗೆ.

ಇದನ್ನೆಲ್ಲ ಬರೆದಿಟ್ಟುಕೊಂಡರೆ ನನಗೆ ನೆನಪಿರುತ್ತದೆ. ಏಳನೇ ಇಯತ್ತೆ ಓದಿದವಳು ನಾನು. ಮರೆತರೆ ಮುನಿಆಂಜನಪ್ಪನವರು ಬಯ್ಯುವುದಿಲ್ಲ, ಆದರೆ ಕನ್ನಡಕದ ಮೇಲಿಂದ ನೋಡುತ್ತಾರೆ. ಬಯ್ದರೇ ವಾಸಿ.

೮ ಆಗಸ್ಟ್, ಶುಕ್ರವಾರ. ರಾಹುಕಾಲ ೧೦-೩೦ರಿಂದ ೧೨.

ವರಮಹಾಲಕ್ಷ್ಮಿ ಹಬ್ಬ. ರೇವತಿ ಕನಕಾಂಬರ ಮುಡಿದು ಬಂದಿದ್ದಳು. ನನಗೂ ಒಂದು ತುಂಡು ತಂದಿದ್ದಳು. ನಮ್ಮ ಯಜಮಾನರು ಶಿವಪುತ್ರ ಹೋದಮೇಲೆ ನಾನು ಹೂ ಮುಡಿದಿಲ್ಲ. ಸಾಹೇಬರ ಮೇಜಿನ ಮೇಲಿಟ್ಟೆ.

ಶಿವಾಜಿನಗರದ ಸಾಬರ ಹುಡುಗಿಯೊಬ್ಬಳು ಅರ್ಜಿ ತೋರಿಸಲು ಬಂದಿದ್ದಳು. ಮಾಹಿರಾ ಎಂದು ಹೆಸರು. ಕೆ.ಆರ್. ಪುರದ ಕ್ಯಾಂಪಸ್ಸಿನಲ್ಲಿ ತಾತ್ಕಾಲಿಕ ಲೆಕ್ಚರರ್. ಮುನಿಆಂಜನಪ್ಪನವರು ಸ್ಕೇಲು ಇಟ್ಟು ಹಾಳೆಯ ಅಂಚು ಅಳೆದರು.

"ಎರಡು ಹಾಳೆ ಅಂದ್ರೆ ಎರಡೇ ಹಾಳೆ ಮೇಡಂ. ಇದೇನಿದು, ಮೂರನೇದ್ರಲ್ಲಿ ನಾಲ್ಕು ಸಾಲು?"

"ಅದು ಬರೀ ಪುಸ್ತಕಗಳ ಪಟ್ಟಿ ಸಾರ್."

"ದಿಲ್ಲಿಯೋರು ಮೂರನೇ ಹಾಳೆ ಹರಿದು ಪಕೋಡ ಕಟ್ಕೊಂಡು ಹೋಗ್ತಾರೆ. ಇಲ್ಲಿ ವಿಭಾಗದ ಮುಖ್ಯಸ್ಥರ ಸೈನೂ ಇಲ್ಲ. ತೊಗೊಂಡ್ಹೋಗಿ, ಸರಿ ಮಾಡ್ಕೊಂಡು ಬನ್ನಿ."

ಹುಡುಗಿ ಹೊರಗೆ ಬಂದು ನನ್ನ ಸ್ಟೂಲಿನ ಪಕ್ಕ ಜಗುಲಿಯ ಮೇಲೆ ಕೂತಳು. ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. ಆ ನಾಲ್ಕು ಸಾಲನ್ನು ಎಲ್ಲಿ ತುರುಕಲಿ ಎಂದು ಪೆನ್ಸಿಲ್ಲಿನಲ್ಲಿ ಗೀಚತೊಡಗಿದಳು. ಏನದು ಎಂದು ಕೇಳಿದೆ. ಓದಿ ಕನ್ನಡದಲ್ಲಿ ಹೇಳಿದಳು. ಕೆ.ಆರ್. ಪುರದ ಕಡೆ ಚರಂಡಿ ನೀರು ಹಾಯಿಸಿ ಸೊಪ್ಪು ಬೆಳೆಯುತ್ತಾರಂತೆ, ಅದು ರಸೆಲ್ ಮಾರುಕಟ್ಟೆಗೆ ಬರುತ್ತದಂತೆ. ಆ ಸೊಪ್ಪಿನೊಳಗೆ ಸೀಸ ಎಷ್ಟು ಸೇರುತ್ತದೆ ಎಂದು ಮೂರು ವರ್ಷ ಅಳೆದು ನೋಡಬೇಕಂತೆ.

"ನಮ್ಮ ಅಬ್ಬಾ ಇಪ್ಪತ್ತೆಂಟು ವರ್ಷ ರಸೆಲ್ ಮಾರ್ಕೆಟ್ಟಲ್ಲಿ ಸೊಪ್ಪು ಮಾರಿದ್ರು ಅಮ್ಮಾ. ಮಿಕ್ಕಿದ್ದನ್ನ ನಾವು ತಿನ್ತಿದ್ವಿ. ಅದ್ರಲ್ಲೇನಿತ್ತು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ."

ನಾನೂ ಅಲ್ಲೇ ದಂಟಿನಸೊಪ್ಪು ತರುವುದು. ಒಪ್ಪತ್ತು ಬಿಡುವಾಗ ಅದೇ ಸಾರು.

ಡಿಸೆಂಬರಿಗೆ ಅವಳ ಕೆಲಸ ಮುಗಿಯುತ್ತದೆ. ಈ ಅರ್ಜಿ ದಾಟಿದರೆ ಮೂರು ವರ್ಷ ಉಂಟು, ಇಲ್ಲದಿದ್ದರೆ ಇಲ್ಲ. ಒಳ್ಳೆಯ ಹುಡುಗಿ. ಅವರ ಪೈಕಿಯಲ್ಲೂ ಇಂಥವರಿದ್ದಾರೆ.

೧೨ ಆಗಸ್ಟ್, ಮಂಗಳವಾರ. ನೂಲ ಹುಣ್ಣಿಮೆ. ರಾಹುಕಾಲ ಮಧ್ಯಾಹ್ನ ೩ರಿಂದ ೪-೩೦.

ಇವತ್ತಿನದನ್ನು ಇವತ್ತೇ ಬರೆಯಬೇಕು.

ಅರ್ಜಿಗೆ ಕಡೆಯ ದಿನ. ಬೆಳಗಿನಿಂದ ಜನ. ಹನ್ನೊಂದು ಅರ್ಜಿ ಬಂದವು. ರೇವತಿ ರಜೆ, ಮಗುವಿಗೆ ಜ್ವರವಂತೆ. ಊಟವಾದ ಮೇಲೆ ಮುನಿಆಂಜನಪ್ಪನವರನ್ನು ಸಾಹೇಬರು ಒಳಗೆ ಕರೆಸಿಕೊಂಡರು.

ಮೂರಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಮಾಹಿರಾ ಓಡುತ್ತಾ ಬಂದಳು. ಬೆವರು, ಏದುಸಿರು. ನಾಲ್ಕಕ್ಕೆ ಕೆ.ಆರ್. ಪುರದಲ್ಲಿ ಕ್ಲಾಸು ಇದೆಯಂತೆ, ಬಸ್ಸು ಹಿಡಿಯಬೇಕಂತೆ. ಸಾರ್ ಮೀಟಿಂಗಲ್ಲಿದ್ದಾರಾ ಎಂದು ಬಾಗಿಲು ನೋಡುತ್ತಾ ನಿಂತಳು.

"ನನ್ನ ಕೈಲಿ ಕೊಡವ್ವ, ಅವರು ಹೊರಗೆ ಬಂದ ಕೂಡ್ಲೇ ಕೊಡ್ತೀನಿ. ನೀ ಹೋಗು."

"ಮರೀಬೇಡಿ ಅಮ್ಮಾ."

"ಮರೆಯೋದೆಲ್ಲಿ ಬಂತು."

ಕಂದು ಕವರು. ಒಳಗೆ ಎರಡೇ ಹಾಳೆ. ನಾಲ್ಕು ಸಾಲನ್ನು ಎಲ್ಲೋ ತೂರಿಸಿದ್ದಾಳೆ.

ಮುನಿಆಂಜನಪ್ಪನವರು ಹೊರಗೆ ಬಂದು ಕೂತಾಗ ಗೋಡೆಯ ಗಡಿಯಾರ ನೋಡಿದೆ. ಮೂರು ಗಂಟೆ ಐದು ನಿಮಿಷ. ರಾಹುಕಾಲ ಹಿಡಿದಾಗಿತ್ತು.

ಒಂಬತ್ತು ವರ್ಷದ ಹಿಂದೆ ಯಜಮಾನರು ಮೂರೂ ಕಾಲಿಗೆ ಸೈಕಲ್ ಹತ್ತಿದ್ದು. ಅದೂ ಮಂಗಳವಾರ. ಸಂಜೆಯ ಪಾಳಿಗೆ ಕೆ.ಆರ್. ಪುರದ ಕ್ಯಾಂಪಸ್ಸಿಗೆ ಹೊರಟಿದ್ದರು, ಟಿನ್ ಫ್ಯಾಕ್ಟರಿ ಹತ್ತಿರ ಲಾರಿ. ಅಂತ್ಯಕ್ರಿಯೆಯ ದಿನ, ಆಗ ನಮ್ಮ ಪಕ್ಕದ ಮನೆಯಲ್ಲಿದ್ದ ರೇವತಿಯ ತಾಯಿ ನನ್ನ ಬೆನ್ನು ಸವರುತ್ತಾ, ರಾಹುಕಾಲದಲ್ಲಿ ಯಾಕಮ್ಮಾ ಕಳಿಸಿದೆ ಎಂದಳು. ಆ ಮಾತು ಹೊಟ್ಟೆಯೊಳಗೆ ಕೂತಿದೆ. ಸೇಡಂ ಕಡೆಯ ನಮ್ಮೂರಲ್ಲಿ ಇದನ್ನೆಲ್ಲ ನೋಡುವ ರೂಢಿ ಇರಲಿಲ್ಲ. ಲಿಂಗ ಕಟ್ಟಿಕೊಂಡವರಿಗೆ ಕೆಟ್ಟ ಹೊತ್ತು ಎಲ್ಲಿಯದು ಎಂದು ನಮ್ಮಪ್ಪ ನಗುತ್ತಿದ್ದ. ನಮ್ಮಪ್ಪನ ಮನೆಯಿಂದ ಹೊರಟವರು ಯಾರೂ ಹಾಗೆ ಹೋಗಿರಲಿಲ್ಲ.

ಆ ಹುಡುಗಿಯ ಮೂರು ವರ್ಷದ ಬಾಳನ್ನು ನಾನು ಅಂಥ ಹೊತ್ತಿನಲ್ಲಿ ಮೇಜಿನ ಮೇಲೆ ಇಡಲೇ? ಐದರವರೆಗೆ ಸಮಯವಿದೆ. ನಾಲ್ಕೂವರೆ ದಾಟಿದ ಮೇಲೆ ಕೊಟ್ಟರಾಯಿತು. ಕವರನ್ನು ನನ್ನ ಗೂಡಿನಲ್ಲಿ, ಬಸವಣ್ಣನ ಪಟದ ಹಿಂದೆ ಇಟ್ಟೆ. ಮೇಲೆ ಚೂರು ವಿಭೂತಿಯನ್ನೂ ಇಟ್ಟೆ.

ಮೂರೂ ಮುಕ್ಕಾಲಿಗೆ ಸಾಹೇಬರು ಜೆರಾಕ್ಸಿಗೆ ಹಲಸೂರು ಬಜಾರಿಗೆ ಕಳಿಸಿದರು. ಅಂಗಡಿಯಲ್ಲಿ ಕರೆಂಟು ಹೋಗಿ ಬಂತು. ವಾಪಸು ಬಂದಾಗ ನಾಲ್ಕು ಮೂವತ್ತೈದು. ಮನಸ್ಸು ಹಗುರವಾಗಿತ್ತು. ಕವರು ತೆಗೆದುಕೊಂಡು ಹೋದರೆ ರೂಮಿಗೆ ಬೀಗ.

"ಸೂಪರಿಂಟೆಂಡೆಂಟ್ ನಾಲ್ಕಕ್ಕೇ ಹೋದ್ರು," ಎಂದ ವಾಚ್‌ಮನ್. "ಕಲ್ಯಾಣನಗರದಲ್ಲಿ ಅಕ್ಕನ ಮನೇಲಿ ಸತ್ಯನಾರಾಯಣ ಪೂಜೆಯಂತೆ. ಸಾಹೇಬ್ರೂ ಹೋದ್ರು."

ಮೊಹರು ಒಳಗೆ. ಪುಸ್ತಕ ಒಳಗೆ. ಕವರು ನನ್ನ ಕೈಯಲ್ಲಿ.

೧೩ ಆಗಸ್ಟ್, ಬುಧವಾರ. ರಾಹುಕಾಲ ೧೨ರಿಂದ ೧-೩೦.

ಬೆಳಿಗ್ಗೆ ಮುನಿಆಂಜನಪ್ಪನವರಿಗೆ ಕವರು ಕೊಟ್ಟೆ. "ಇದ್ಯಾವಾಗ ಬಂತು?" ಎಂದರು. ಕನ್ನಡಕದ ಮೇಲಿಂದ ನೋಡಿದರು. ನಾನು ನೆಲ ನೋಡಿದೆ. ಅವರೂ ಮತ್ತೆ ಕೇಳಲಿಲ್ಲ. ಮೊಹರು ಒತ್ತಿ ಬರೆದರು: ೧೩-೮, ೧೦-೧೦. ತಡವಾಗಿ ಬಂದದ್ದು.

ಮಧ್ಯಾಹ್ನ ಹನ್ನೊಂದು ಅರ್ಜಿಯ ಹೆಸರುಗಳ ಮೇಲೆ ಬಿಳಿ ಪಟ್ಟಿ ಅಂಟಿಸಿದೆ. ಹನ್ನೆರಡನೆಯದು ಡ್ರಾಯರಿನಲ್ಲಿದೆ.

ದೇವರ ಇಚ್ಛೆ ಇರಬಹುದು.

೧೪ ಆಗಸ್ಟ್, ಗುರುವಾರ. ರಾಹುಕಾಲ ೧-೩೦ರಿಂದ ೩.

ಮಾಹಿರಾ ಮೇಡಂ ಬಂದಿದ್ದಳು. ನಾನು ಬಾತ್‌ರೂಮಿನಲ್ಲಿ ಕೊಳಾಯಿ ಬಿಟ್ಟುಕೊಂಡು ನಿಂತೆ. ಆದರೂ ಕೇಳಿಸಿತು.

"ಎರಡು ಐವತ್ತಕ್ಕೆ ನಾನಿಲ್ಲಿ ಕೊಟ್ಟಿದ್ದೀನಿ ಸಾರ್!"

"ಯಾರಿಗೆ ಕೊಟ್ರಿ?"

ಕೊಳಾಯಿ ನಿಲ್ಲಿಸಿದೆ. ಅವಳು ಹೇಳಿದಳು: "ಆಫೀಸಲ್ಲಿ ಕೊಟ್ಟೆ."

"ಆಫೀಸಿಗೆ ಕೈ ಇದೆಯಾ ಮೇಡಂ? ಮೊಹರು ಏನ್ ಹೇಳುತ್ತೋ ಅದೇ."

ಹೋಗುವಾಗ ನನ್ನ ಸ್ಟೂಲಿನ ಮುಂದೆ ನಿಂತು ಖಾಲಿ ಸ್ಟೂಲು ನೋಡಿದಳಂತೆ. ರೇವತಿ ಹೇಳಿದಳು.

೧೮ ಆಗಸ್ಟ್, ಸೋಮವಾರ. ರಾಹುಕಾಲ ೭-೩೦ರಿಂದ ೯.

ಮೂರನೇ ಸೋಮವಾರ. ಒಪ್ಪತ್ತು. ನಲ್ಲಿ ಬರಲಿಲ್ಲ, ನಿನ್ನೆಯ ನೀರಲ್ಲೇ ಪೂಜೆ.

ಆಫೀಸು ಬಿಟ್ಟ ಮೇಲೆ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಕೇಳಿ ಕೇಳಿ ಮನೆ ಹುಡುಕಿದೆ. ಸೊಪ್ಪಿನ ಅಂಗಡಿಯವನು ಇವತ್ತಿಗೂ ಅವಳಪ್ಪನ ಹೆಸರು ಹೇಳಿ ದಾರಿ ತೋರಿಸಿದ. ಸತ್ಯ ಹೇಳಬೇಕೆಂದೇ ಹೋಗಿದ್ದು.

ತಾಯಿ ಕಮರುನ್ನೀಸಾ ಬಾಗಿಲು ತೆರೆದಳು. ನನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಬಾಯಲ್ಲಿ ಎಲೆಯಡಿಕೆ.

"ಆಫೀಸಿನ ಅಮ್ಮಾ ಅಲ್ಲಾ ನೀವು? ಬನ್ನಿ ಬನ್ನಿ. ಚಾಯ್ ಮಾಡ್ಲಾ?"

"ಇವತ್ತು ಉಪವಾಸ."

"ನಿಮ್ದೂ ರೋಜಾ ಇದ್ಯಾ? ಹಂಗಾದ್ರೆ ಹಾಲು ಕುಡೀರಿ, ಬಾಳೆಹಣ್ಣು ತಿನ್ನಿ. ಅದು ನಡೀತದಲ್ಲಾ?"

ಬಾಳೆಹಣ್ಣು ಸುಲಿದು ತಿಂದೆ. ಹಾಲಿನ ಲೋಟ ಮುಟ್ಟಲಿಲ್ಲ. ಅದು ಕೆನೆಗಟ್ಟಿತು. ಅವಳು ನೋಡಿದಳು.

ಮಾಹಿರಾ ಮೇಡಂ ಎದುರಿಗೆ ಕೂತಳು. "ಡೈರೆಕ್ಟರಿಗೆ ದೂರು ಕೊಟ್ಟಿದ್ದೀನಿ ಅಮ್ಮಾ. ಆದ್ರೆ ನಿಮ್ಮ ಹೆಸರು ಬರೆದಿಲ್ಲ. ನಿಮ್ಮ ಕೆಲಸಕ್ಕೇನಾದ್ರೂ ಆದ್ರೆ? ನನಗೆ ಡಿಸೆಂಬರ್ ಆದ್ಮೇಲೆ ಟ್ಯೂಷನ್ನಾದ್ರೂ ಇದೆ." ಆಮೇಲೆ ಕೇಳಿದಳು: "ಏನಾಯ್ತಮ್ಮಾ ಅವತ್ತು?"

ಬಾಯಿಗೆ ಬಂದದ್ದು ಇದು: "ಮರೆತೆನವ್ವ."

ಶ್ರಾವಣ ಸೋಮವಾರ, ಉಪವಾಸದ ಬಾಯಲ್ಲಿ ಸುಳ್ಳು ಹೇಳಿದೆ. ಮನೆಗೆ ಬಂದು ದೀಪ ಹಚ್ಚಿದೆ, ಊಟ ಸೇರಲಿಲ್ಲ. ಮುಚ್ಚಿಟ್ಟೆ.

೨೦ ಆಗಸ್ಟ್, ಬುಧವಾರ. ರಾಹುಕಾಲ ೧೨ರಿಂದ ೧-೩೦.

ಡೈರೆಕ್ಟರ್ ಸಾಹೇಬರು ನಮಗೆ ಮೂವರಿಗೂ ಮೆಮೋ ಕೊಟ್ಟರು. ೧೨ರಂದು ಐದರೊಳಗೆ ಆ ಅರ್ಜಿ ಕಚೇರಿಯೊಳಗೆ ಇತ್ತೇ, ಇಲ್ಲವೇ? ಗೊತ್ತಿದ್ದವರು ಬರಹದಲ್ಲಿ ಕೊಡಬೇಕು. ಉತ್ತರವನ್ನು ಕಚೇರಿಯ ಸಿಬ್ಬಂದಿಯ ಕೈಯಿಂದಲೇ ಕೊಟ್ಟು ಮೊಹರು ಹಾಕಿಸಬೇಕು. ೨೬ರ ಮಂಗಳವಾರ ಸಂಜೆ ಐದು ಕಡೆಯ ಗಡುವು. ಇತ್ತು ಎಂದಾದರೆ ಅರ್ಜಿ ಸಮಿತಿಯ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ವಿಷಯ ಮುಗಿಯಿತು. ಸಮಿತಿ ೨೭ರ ಬುಧವಾರ ಹನ್ನೊಂದಕ್ಕೆ ಕೂರುತ್ತದೆ.

ಮುನಿಆಂಜನಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. "ನೀವೇನೂ ತಲೆ ಕೆಡಿಸ್ಕೋಬೇಡಿ. ನಾನು ಬರೆಸಿಕೊಡ್ತೀನಿ."

ರೇವತಿ ಕೇಳಿದಳು: "ಅಕ್ಕಾ, ನಿಮಗೇನಾದ್ರೂ ಗೊತ್ತಾ?" ನಾನು ಲೋಟ ತೊಳೆಯಲು ಹೋದೆ. ತೊಳೆದ ಲೋಟವನ್ನೇ ತೊಳೆದೆ.

೨೨ ಆಗಸ್ಟ್, ಶುಕ್ರವಾರ. ರಾಹುಕಾಲ ೧೦-೩೦ರಿಂದ ೧೨.

ಅರ್ಧ ದಿನ ರಜೆ ಹಾಕಿ ರಾಹುಕಾಲದಲ್ಲಿ ದುರ್ಗಮ್ಮನ ಗುಡಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಹೋದೆ. ಒಂಬತ್ತು ದೀಪ. ನಾನು ಮಾಡಿದ್ದನ್ನು ಅವಳೇ ಸರಿಮಾಡಲಿ, ನಾನು ಬಾಯಿ ಬಿಡದಂತೆ ಸರಿಮಾಡಲಿ ಎಂದು ಬೇಡಿಕೊಂಡೆ. ಯಾರೋ ಚೆಲ್ಲಿದ್ದ ಎಣ್ಣೆಯ ಮೇಲೆ ಕಾಲಿಟ್ಟೆ. ಬಿದ್ದೆ. ಪಾದ ತಿರುಚಿದೆ. ನಮ್ಮ ಬೀದಿಯ ಆಟೋ ಚಾಂದ್ ಪಾಷಾ ಎತ್ತಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಪಟ್ಟಿ ಕಟ್ಟಿದ್ದಾರೆ. ಹತ್ತು ದಿನ ಕಾಲು ಊರುವ ಹಾಗಿಲ್ಲ.

ನೋವು. ಇಷ್ಟೇ ಬರೆಯಲಾಗುವುದು.

೨೪ ಆಗಸ್ಟ್, ಭಾನುವಾರ.

ಮಾಹಿರಾ ಬಂದಿದ್ದಳು, ತಾಯಿಯನ್ನೂ ಕರೆದುಕೊಂಡು. ರೇವತಿ ಹೇಳಿದಳಂತೆ ನಾನು ಬಿದ್ದದ್ದನ್ನು. ಕಮರುನ್ನೀಸಾ ಕೈಯಲ್ಲಿ ಬನ್ನಿನ ಪೊಟ್ಟಣ.

"ಏನಮ್ಮಾ, ದೇವಸ್ಥಾನದಲ್ಲೇ ಜಾರಿದ್ರಂತೆ? ನಮ್ಮ ಮನೇಲಿ ಜಾರಿದ್ರೆ ನಾನು ಹಾಸಿಗೆನಾದ್ರೂ ಹಾಸ್ತಿದ್ದೆ."

ನಗು ಬಂತು. ಎಷ್ಟು ದಿನವಾಗಿತ್ತು ನಕ್ಕು. ನಗುತ್ತಿದ್ದಂತೆಯೇ ಹೇಳಿಬಿಟ್ಟೆ, ಇಲ್ಲದಿದ್ದರೆ ಮತ್ತೆ ಆಗುತ್ತಿರಲಿಲ್ಲ.

"ಮಾಹಿರಾ, ಅವತ್ತು ನಾ ಮರೆತಿರ್ಲಿಲ್ಲ. ಬೇಕಂತಲೇ ಇಟ್ಕೊಂಡಿದ್ದೆ. ಮೂರರಿಂದ ನಾಲ್ಕೂವರೆ ರಾಹುಕಾಲ. ನಿನ್ನ ಒಳ್ಳೇದಕ್ಕೇ ಅಂತ."

ಅವಳು ಮೊದಲು ಅರ್ಥವಾಗದವಳ ಹಾಗೆ ನೋಡಿದಳು.

"ನನ್ನ ಒಳ್ಳೇದಕ್ಕಾ?"

"ಹೂಂನವ್ವ."

"ನನ್ನನ್ನ ಕೇಳ್ದೇನೇ?"

ಪಟ್ಟಿ ಕಟ್ಟಿದ ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ.

"ನಿಮ್ಮ ಕೈಲಿ ಕೊಟ್ಟಿದ್ದೀನಿ ಅಂತ ಆರಾಮಾಗಿ ಬಸ್ ಹತ್ತಿದೆ ಅಮ್ಮಾ. ನಾನಿನ್ನೂ ಮೆಜೆಸ್ಟಿಕ್ಕಿಂದ ಬಂದ ಬಸ್ಸಲ್ಲಿ ಕಂಬ ಹಿಡ್ಕೊಂಡು ನಿಂತಿದ್ದಾಗ, ನೀವು ಗಡಿಯಾರ ನೋಡ್ತಾ ಕೂತಿದ್ರಾ? ಬೈದಿದ್ರೆ, ಬಾಗ್ಲಲ್ಲೇ ವಾಪಸ್ ಕಳ್ಸಿದ್ರೆ, ನಾನೇ ನಿಂತು ಸೀಲ್ ಹಾಕಿಸ್ತಿದ್ದೆ. ಕ್ಲಾಸ್ ಹಾಳಾಗಿ ಹೋಗ್ಲಿ ಅಂತಿದ್ದೆ." ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಗೇಟಿನ ಹತ್ತಿರ ಬೆನ್ನು ಹಾಕಿ ನಿಂತಳು.

ಕಮರುನ್ನೀಸಾ ಏಳಲಿಲ್ಲ. ನನ್ನ ಅಡುಗೆಮನೆಗೆ ಹೋಗಿ, ಡಬ್ಬಿಗಳನ್ನು ಮೂಸಿ ನೋಡಿ, ಸ್ಟವ್ ಹಚ್ಚಿ ಚಹಾ ಮಾಡಿ ತಂದಳು. ನಾವಿಬ್ಬರೂ ಕುಡಿದೆವು. ಸಕ್ಕರೆ ಜಾಸ್ತಿ ಹಾಕಿದ್ದಳು.

"ಅವಳ ಅಬ್ಬಾನ ಕೋಪ ಅದು," ಎಂದಳು. "ಅವತ್ತು ನಾನೂ ತಡೆದೆ ಗೊತ್ತಾ? ದುವಾ ಓದಿ, ಊದಿ, ಆ ಕವರಿಗೂ ಊದಿ ಕಳ್ಸೋವರ್ಗೂ ಬಾಗ್ಲು ಬಿಟ್ಟಿಲ್ಲ. ಎರಡು ಬಸ್ಸು ಹೋಯ್ತು. ಇಲ್ಲಾಂದ್ರೆ ಒಂದು ಗಂಟೆಗೇ ನಿಮ್ಮಾಫೀಸಲ್ಲಿ ಇರ್ತಿದ್ಲು."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಕವರಿನ ಮೇಲೆ ಅವಳ ದುವಾ ಇತ್ತು, ನನ್ನ ವಿಭೂತಿ ಇತ್ತು. ಮೊಹರು ಒಂದು ಇರಲಿಲ್ಲ.

ಹೊರಡುವಾಗ ಮಾಹಿರಾ ಬಾಗಿಲ ತನಕ ಬಂದಳು. ಕಣ್ಣು ಕೆಂಪಾಗಿತ್ತು. "ಬರೆದು ಕೊಡಿ ಅಂತ ನಾನು ಕೇಳಲ್ಲ ಅಮ್ಮಾ. ನೀವು ನನ್ನನ್ನ ಕೇಳ್ಲಿಲ್ಲ, ನಾನೂ ನಿಮ್ಮನ್ನ ಕೇಳಲ್ಲ. ಬುಧವಾರ ಹನ್ನೊಂದಕ್ಕೆ ಸಮಿತಿ ಇದೆ ಅಂತ ನಿಮಗೆ ಗೊತ್ತು."

ಅವಳು ಹೋದಮೇಲೆ ಲೋಟ ತೊಳೆದಿಟ್ಟೆ. ಒಂದು ಕಾಲಲ್ಲಿ ನಿಂತು ತೊಳೆಯುವುದು ಕಷ್ಟ.

೨೫ ಆಗಸ್ಟ್, ಸೋಮವಾರ.

ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬಾರದು ಎಂದಿದ್ದಾರೆ. ಕಮರುನ್ನೀಸಾ ಇಟ್ಟುಹೋದ ಬನ್ನನ್ನು ಹಾಲಿನಲ್ಲಿ ಅದ್ದಿ ತಿಂದೆ.

ಸಂಜೆ ಐದೂವರೆಗೆ ಮುನಿಆಂಜನಪ್ಪನವರು ಬಂದರು. ಸೀಬೆಹಣ್ಣು ತಂದಿದ್ದರು. ಚೀಲದಿಂದ ಟೈಪು ಮಾಡಿದ ಹಾಳೆ ತೆಗೆದು ಮಂಚದ ಮೇಲಿಟ್ಟರು. ಒಂದೇ ಸಾಲು. ಹನ್ನೆರಡನೇ ತಾರೀಕು ಐದರೊಳಗೆ ನನ್ನ ಕೈಗೆ ಯಾವ ಅರ್ಜಿಯೂ ಬಂದಿರುವುದಿಲ್ಲ. ಕೆಳಗೆ ನನ್ನ ಹೆಸರು, ಅಮೃತಮ್ಮ, ಅಟೆಂಡರ್.

"ಸೈನ್ ಹಾಕ್ಬಿಡಿ. ನಿಮಗೂ ತಲೆನೋವಿಲ್ಲ, ನನಗೂ ಇಲ್ಲ. ನಾಳೆ ನಾನೇ ಸೀಲ್ ಹಾಕಿ ಒಳಗೆ ಕೊಡ್ತೀನಿ."

"ನೀವು ಅವತ್ತು ನಾಲ್ಕಕ್ಕೇ ಬೀಗ ಹಾಕಿದ್ರಿ ಸಾರ್. ಸುತ್ತೋಲೆಯಲ್ಲಿ ಐದು ಅಂತಿತ್ತು."

ಅವರು ಸೀಬೆಹಣ್ಣನ್ನು ಪಕ್ಕಕ್ಕೆ ಸರಿಸಿದರು. "ಹುಣ್ಣಿಮೆ ಪೂಜೆ ಅಮೃತಮ್ಮ. ಅಕ್ಕ ಹರಕೆ ಹೊತ್ತಿದ್ಲು. ದೇವರ ಕೆಲಸಕ್ಕೆ ಹೋಗಿದ್ದು, ನಾನೇನ್ ಸಿನಿಮಾಕ್ಕೆ ಹೋಗಿದ್ನಾ?"

"ನಾನೂ ದೇವರ ಹೆಸರಲ್ಲೇ ಸಾರ್ ಇಟ್ಕೊಂಡಿದ್ದು."

ಹೊರಗೆ ಯಾರೋ ಹೂವು ಕೂಗಿಕೊಂಡು ಹೋದರು. ಮುನಿಆಂಜನಪ್ಪನವರು ಕನ್ನಡಕ ತೆಗೆದು ಒರೆಸಿದರು. ಕನ್ನಡಕವಿಲ್ಲದೆ ಅವರ ಮುಖವನ್ನು ನಾನು ನೋಡಿರಲಿಲ್ಲ. ವಯಸ್ಸಾಗಿದೆ.

"ಶಿವಪುತ್ರ ಹೋದಾಗ ಅವನ ಬದ್ಲು ನಿಮಗೆ ಕೆಲಸ ಕೊಡ್ಸೋ ಫೈಲ್ ಹಿಡ್ಕೊಂಡು ಹನ್ನೊಂದು ತಿಂಗಳು ಮೇಜಿಂದ ಮೇಜಿಗೆ ಓಡಾಡ್ದೋನು ನಾನು. ಹೇಳ್ಬೇಕು ಅಂತ ಹೇಳ್ತಿಲ್ಲ. ನೆನಪಾಯ್ತು ಅಷ್ಟೆ."

"ಮರೆತಿಲ್ಲ ಸಾರ್."

ಮರೆತಿಲ್ಲ. ಅವತ್ತು ನನ್ನ ಫೈಲನ್ನು ಅವರು ಯಾವ ಗೂಡಿನಲ್ಲೂ ಇಡಲಿಲ್ಲ. ಹೊತ್ತು ನೋಡಿ ಓಡಾಡಿದ್ದರೆ ನನಗೆ ಈ ಹನ್ನೆರಡಡಿ ರೂಮೂ ಇರುತ್ತಿರಲಿಲ್ಲ. ಸೈನು ಹಾಕುವುದಿಲ್ಲ ಎಂದು ಹೇಳಲಿಲ್ಲ. "ಇಟ್ಟು ಹೋಗಿ ಸಾರ್," ಎಂದೆ. ಹಾಳೆಯ ಮೇಲೆ ತಮ್ಮ ಪೆನ್ನನ್ನೇ ಇಟ್ಟು ಹೋದರು.

ಹಾಳೆ ನೋಡುತ್ತಾ ಕೂತೆ. ದೀಪ ಹಚ್ಚುವುದು ತಡವಾಯಿತು.

೨೬ ಆಗಸ್ಟ್, ಮಂಗಳವಾರ.

ಆರಕ್ಕೆ ಎದ್ದೆ. ಮಂಚದ ಮೇಲೆ ಕೂತೇ ಪೂಜೆ. ಬೇಡಿಕೊಳ್ಳಲು ಏನೂ ಹೊಳೆಯಲಿಲ್ಲ, ಸುಮ್ಮನೆ ಲಿಂಗ ನೋಡಿಕೊಂಡು ಕೂತಿದ್ದೆ.

ಆಮೇಲೆ ಅವರ ಪೆನ್ನಿನಲ್ಲೇ ಬರೆಯಲು ಕೂತೆ. ಮೂರು ಹಾಳೆ ಹರಿದೆ. ಮೊದಲನೆಯದರಲ್ಲಿ ಕ್ಷಮೆ ಜಾಸ್ತಿಯಾಯಿತು. ಎರಡನೆಯದರಲ್ಲಿ ಮುನಿಆಂಜನಪ್ಪನವರ ಸುದ್ದಿಯೇ ಬಿಟ್ಟುಹೋಗಿತ್ತು. ಬಿಟ್ಟುಹೋಗಿರಲಿಲ್ಲ, ನಾನೇ ಬಿಟ್ಟಿದ್ದೆ. ಮೂರನೆಯದರಲ್ಲಿ ಅವರ ತಪ್ಪೇ ದೊಡ್ಡದಾಗಿ ಕಾಣುತ್ತಿತ್ತು. ನಾಲ್ಕನೆಯದು ಹೀಗಿದೆ. ಇಲ್ಲಿ ನಕಲು ಮಾಡಿಕೊಂಡಿದ್ದೇನೆ:

"ಮಾನ್ಯರೇ, ೧೨ನೇ ತಾರೀಕು ಮಂಗಳವಾರ ಮಧ್ಯಾಹ್ನ ೨-೫೦ಕ್ಕೆ ಮಾಹಿರಾ ಮೇಡಂ ತಮ್ಮ ಅರ್ಜಿಯ ಕವರನ್ನು ಕಚೇರಿಯಲ್ಲಿ ನನ್ನ ಕೈಗೆ ಕೊಟ್ಟರು. ೩-೦೫ಕ್ಕೆ ಸೂಪರಿಂಟೆಂಡೆಂಟರು ಸೀಟಿನಲ್ಲಿದ್ದರು. ನಾನು ಕೊಡಲಿಲ್ಲ. ರಾಹುಕಾಲವೆಂದು ನನ್ನ ಗೂಡಿನಲ್ಲಿ ಇಟ್ಟುಕೊಂಡೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೇ ಮಾಡಿದ್ದು. ೪-೩೫ಕ್ಕೆ ಕೊಡಲು ಹೋದಾಗ ರೂಮಿಗೆ ಬೀಗ ಹಾಕಿತ್ತು. ೧೩ರ ಬೆಳಿಗ್ಗೆ ಕೊಟ್ಟೆ, ಕೇಳಿದಾಗ ಸುಮ್ಮನಿದ್ದೆ. ಅರ್ಜಿ ೧೨ರಂದು ಐದರೊಳಗೆ ಕಚೇರಿಯ ಒಳಗೇ ಇತ್ತು. ಶಿಕ್ಷೆ ಏನಿದ್ದರೂ ನನಗೆ ಕೊಡಬೇಕು, ಅರ್ಜಿಗೆ ಕೊಡಬಾರದು. ಅಮೃತಮ್ಮ, ಅಟೆಂಡರ್."

ಓದಿ ನೋಡಿದೆ. ಒಂದೇ ಹಾಳೆಯಲ್ಲಿ ಹಿಡಿಸಿದೆ.

ಈಗ ಎರಡನೆಯ ಪ್ರತಿಯನ್ನು ಚೆನ್ನಾಗಿ ಬರೆಯಬೇಕು. ಅದು ನಿಧಾನವಾಗುತ್ತದೆ. ಅಷ್ಟರಲ್ಲಿ ಚಾಂದ್ ಪಾಷಾ ಆಟೋ ತೆಗೆಯುತ್ತಿದ್ದ. ಆಫೀಸಿನ ಮುಂದೆಯೇ ಹೋಗುವವನು. ರೇವತಿಗೆ ಒಂದು ಚೀಟಿ ಬರೆದು ಅವನ ಕೈಯಲ್ಲಿ ಕಳಿಸಿಬಿಟ್ಟೆ. ಇನ್ನು ಮನಸ್ಸು ಬದಲಾಯಿಸಿದರೂ ಅವಳು ಬಂದೇ ಬರುತ್ತಾಳೆ. ಚೀಟಿಯಲ್ಲಿ ಬರೆದದ್ದು:

"ರೇವತಿ, ಮೆಮೋಕ್ಕೆ ನನ್ನ ಉತ್ತರ ಬರೆದಿದ್ದೇನೆ. ನೀನು ಟೈಪು ಮಾಡಿದ್ದಕ್ಕೆ ಸೈನು ಹಾಕಿಲ್ಲ. ನನಗೆ ನಡೆಯಲಾಗದು, ನೀನೇ ಬಂದು ತೆಗೆದುಕೊಂಡು ಹೋಗಬೇಕು. ಮೂರು ಗಂಟೆಯ ಟೀ ಬಿಡುವಿಗೆ ಸರಿಯಾಗಿ ಹೊರಟು ಬಾ. ನಾಲ್ಕೂವರೆಯವರೆಗೆ ಕಾಯಬೇಡ, ನಾಲ್ಕಕ್ಕೆ ರೂಮಿಗೆ ಬೀಗ ಬೀಳಬಹುದು. ಎರಡು ಪ್ರತಿ ಇವೆ. ಒಂದನ್ನು ಒಳಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು ಒತ್ತಿಸಿ ಗಂಟೆ ಬರೆಸಿಕೊಂಡು ಬಾ. ಬಾಗಿಲು ತೆರೆದೇ ಇರುತ್ತದೆ."